ರೇಸ್ ಕಾರಿನ ಸೀಟಿಗೆ ಫೋಮ್ ಸುರಿಯುವುದೋ, ಮಣಿ ತುಂಬುವುದೋ?

ಒಂದೇ ಕಾರಿಗೆ, ನನ್ನ ಮೈಯ ಆಕಾರಕ್ಕೆ ತಕ್ಕಂತೆ ಮೂರು ಬಗೆಯಲ್ಲಿ ಸೀಟಿನ ಒಳಪದರ ಮಾಡಿ ನೋಡಿದ್ದೇನೆ. ಮೊದಲು ಫೋಮ್ ಹಾಳೆ ಕೆತ್ತಿದೆ. ಆಮೇಲೆ ಎರಡು ದ್ರವ ಬೆರೆಸಿ ಸುರಿಯುವ ಪಾಲಿಯುರೆಥೇನ್ ಫೋಮ್. ಕೊನೆಗೆ ಥರ್ಮಾಕೋಲ್ ಮಣಿ ಮತ್ತು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು. ಈಗ ಕಾರಿನಲ್ಲಿ ಉಳಿದಿರುವುದು ಮಣಿಯ ಸೀಟು.

ಹಾಳೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಗಟ್ಟಿ ಹಾಳೆ ಕತ್ತರಿಸಿ, ಅಂಟಿಸಿ, ಉಜ್ಜಿದರೆ ಪಕ್ಕೆಯ ಸಂದು ತುಂಬುತ್ತದೆ. ಬೆನ್ನಿನ ಬಾಗು ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಕುಶನ್ನಿನ ಮೆತ್ತನೆ ಫೋಮ್ ಅಂತೂ ಬೇಡವೇ ಬೇಡ. ಡಿಕ್ಕಿಯಾದಾಗ ಮೈ ಅದರೊಳಗೆ ಇಳಿಯುತ್ತದೆ, ಬೆಲ್ಟ್ ಸಡಿಲವಾಗುತ್ತದೆ. ಮೈ ಎಲ್ಲ ಕಡೆ ಸರಿಯಾಗಿ ತಾಗಿದರೆ ಗಟ್ಟಿ ಫೋಮಿನ ಮೇಲೂ ಆರಾಮಾಗಿ ಕೂರಬಹುದು.

ಸುರಿಯುವ ಫೋಮಿನ ದೊಡ್ಡ ಗುಣ ವೇಗ. ಪಾಲಿಯೋಲ್, ಐಸೋಸೈನೇಟ್ ಎಂಬ ಎರಡು ದ್ರವಗಳನ್ನು ಅಳತೆಯಂತೆ ಬೆರೆಸಿ, ಅರ್ಧ ನಿಮಿಷದೊಳಗೆ ಕಲಕಿ, ಸೀಟಿನಲ್ಲಿಟ್ಟ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಸುರಿಯಬೇಕು. ಚೀಲಕ್ಕೆ ಒರಗಿ ಕೂತರೆ ಫೋಮ್ ಮೈಯ ಸುತ್ತ ಉಬ್ಬಿ ಅದೇ ಆಕಾರ ಪಡೆಯುತ್ತದೆ. ನಾನು ಬಳಸಿದ್ದು ಉಬ್ಬಿದ ಮೇಲೆ ಘನ ಮೀಟರಿಗೆ ಸುಮಾರು 32 ಕಿಲೋ ತೂಗುವ ಫೋಮ್. ಅಂದರೆ ದ್ರವ 30 ಪಟ್ಟಿಗೂ ಮೇಲೆ ಉಬ್ಬುತ್ತದೆ. ಕೆಲವೇ ನಿಮಿಷಗಳಲ್ಲಿ ಗಟ್ಟಿ.

ನನಗೆ ತೊಂದರೆಯಾದದ್ದೂ ಆ ವೇಗದಿಂದಲೇ. ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ಸುರಿಸಿದೆ, ಬೆಲ್ಟ್ ಬಿಗಿದುಕೊಂಡಿರಲಿಲ್ಲ. ಸೊಂಟದ ಹಿಂದೆ ಫೋಮ್ ಉಬ್ಬುತ್ತಾ ನನ್ನನ್ನು ಮುಂದಕ್ಕೂ ಮೇಲಕ್ಕೂ ತಳ್ಳಿತು. ಬೆನ್ನು ಬಿಸಿಯಾಯಿತು. ಗಟ್ಟಿಯಾದ ಮೇಲೆ ನೋಡಿದರೆ ಹೆಲ್ಮೆಟ್ ರೋಲ್ ಹೂಪ್‌ನ (ಕಾರು ಮಗುಚಿದರೆ ತಲೆ ಕಾಯುವ ಲೋಹದ ಕಮಾನಿನ) ಮಟ್ಟಕ್ಕೆ ಬಂದಿತ್ತು. ಅಲ್ಲಿ ಸುಮಾರು 5 ಸೆಂ.ಮೀ. ಅಂತರ ಇರಲೇಬೇಕು ಅಲ್ವಾ? ಅದನ್ನು ಪೂರ್ತಿ ಕಿತ್ತೆಸೆದೆ. ಎರಡನೇ ಸಲ ರೇಸಿಂಗ್ ಸೂಟ್, ಶೂ, ಹೆಲ್ಮೆಟ್ ಎಲ್ಲ ಹಾಕಿ, ಬೆಲ್ಟ್ ಬಿಗಿದು, ಕೈ ಸ್ಟೀರಿಂಗ್ ಮೇಲಿಟ್ಟು ಕೂತೆ. ಗೆಳೆಯ ಸ್ವಲ್ಪ ಸ್ವಲ್ಪವೇ ಸುರಿದ. ಚೆನ್ನಾಗಿ ಬಂತು. ಆದರೂ ಎಡ ಭುಜ ಒಂದಿಷ್ಟು ಓರೆಯಾಗಿಯೇ ಉಳಿಯಿತು, ತಿದ್ದಲು ಸಮಯವೇ ಇರಲಿಲ್ಲ. ಇನ್ನೊಂದು ಮಾತು: ಐಸೋಸೈನೇಟ್ ಉಸಿರಾಟಕ್ಕೆ ಕೆಟ್ಟದ್ದು, ಆಸ್ತಮಾ ತರಬಲ್ಲದು. ಗಾಳಿಯಾಡುವ ಜಾಗ, ಕೈಗವಸು, ಆವಿ ತಡೆಯುವ ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ.

ಮಣಿಯ ವಿಧಾನದಲ್ಲಿ ಈ ಗಡಿಬಿಡಿ ಇಲ್ಲ. ಥರ್ಮಾಕೋಲ್ ಮಣಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಸವರಿ, ಗಾಳಿ ಸೋರದ ಚೀಲಕ್ಕೆ ತುಂಬಿ, ಅದರ ಮೇಲೆ ಕೂತು ವ್ಯಾಕ್ಯೂಮ್ ಪಂಪ್‌ನಿಂದ ಗಾಳಿ ಎಳೆಯಬೇಕು. ಮಣಿಗಳು ಒಂದಕ್ಕೊಂದು ಒತ್ತಿಕೊಂಡು ಕಲ್ಲಿನಂತೆ ನಿಲ್ಲುತ್ತವೆ. ಇಷ್ಟವಾಗಲಿಲ್ಲವೇ? ಗಾಳಿ ಬಿಡಿ, ಮಣಿ ಸರಿಸಿ, ಮತ್ತೆ ಎಳೆಯಿರಿ. ನಾನು ನಾಲ್ಕು ಸಲ ಹೀಗೆ ಮಾಡಿದೆ. ಮೊಣಕೈ ಎಲ್ಲಿ ತಾಗುತ್ತದೆ, ಕ್ಲಚ್ ಪೂರ್ತಿ ಒತ್ತಿದಾಗ ತೊಡೆ ಎಲ್ಲಿ ತಡೆಯುತ್ತದೆ, ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂರುತ್ತದೋ ಇಲ್ಲವೋ, ಎಲ್ಲವನ್ನೂ ನಿಧಾನವಾಗಿ ನೋಡಲು ಆಯಿತು. ಆ ನಾಲ್ಕು ಅವಕಾಶಗಳಿಗಾಗಿಯೇ ನನಗೆ ಈ ವಿಧಾನ ಇಷ್ಟ.

ತಪ್ಪುಗಳು ಇಲ್ಲೂ ಆಗುತ್ತವೆ. ಪಾಲಿಯೆಸ್ಟರ್ ರೆಸಿನ್ ಹಾಕಿದರೆ ಥರ್ಮಾಕೋಲ್ ಕರಗಿಹೋಗುತ್ತದೆ, ಎಪಾಕ್ಸಿಯೇ ಬೇಕು. ಅದೂ ಮಣಿ ಒದ್ದೆಯಾಗುವಷ್ಟು ಮಾತ್ರ. ಜಾಸ್ತಿಯಾದರೆ ತೂಕ ಏರುತ್ತದೆ, ತಳದಲ್ಲಿ ಇಳಿದು ನಿಂತ ಎಪಾಕ್ಸಿ ಬಿಸಿಯಾಗಿ ಮಣಿಗಳನ್ನೇ ಮೆತ್ತಗೆ ಮಾಡಿಬಿಡುತ್ತದೆ. ಚೀಲದಲ್ಲಿ ಸಣ್ಣ ತೂತಿದ್ದರೂ ಆಕಾರ ನಿಲ್ಲುವುದಿಲ್ಲ. ಮೊದಲು ಒಣ ಮಣಿ ತುಂಬಿ ಒಮ್ಮೆ ಗಾಳಿ ಎಳೆದು ನೋಡಿ.

ಸೀಟಿನ ಚಿಪ್ಪು ಆಗಲೇ ಮೈಗೆ ಹತ್ತಿರವಿದ್ದು, ಪಕ್ಕದಲ್ಲಿ ಎರಡು ಬೆರಳು ಸಂದು ಮಾತ್ರ ಇದ್ದರೆ ಸುರಿಯುವ ಫೋಮೇ ಸಾಕು. ಬೇರೆ ಸೀಟಿಲ್ಲದೆ ಬರೀ ಕಾಕ್‌ಪಿಟ್ (ಚಾಲಕ ಕೂರುವ ಜಾಗ) ಇರುವ ಫಾರ್ಮುಲಾ ಮಾದರಿಯ ಕಾರಿಗೆ ಮಣಿಯನ್ನೇ ಆರಿಸಿ. ಎರಡೂ ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತುಗಳು. ಹಾಗಾಗಿ ನೋಮೆಕ್ಸ್‌ನಂಥ ಬೆಂಕಿ ತಡೆಯುವ ಬಟ್ಟೆ ಹೊದಿಸದೆ ಟ್ರ್ಯಾಕಿಗೆ ಇಳಿಸಬೇಡಿ. ನನ್ನದರಲ್ಲಿ ಪಂಪ್ ಇಡೀ ರಾತ್ರಿ ಓಡಿತು. ಮರುದಿನ ಗಾಳಿ ಬಿಟ್ಟು ಕೂತಾಗ ಎಡ ಭುಜ ನೇರವಾಗಿತ್ತು.