ಉಚಿತ ಕಾನೂನು ನೆರವು: ವಕೀಲರು ಫ್ರೀ, ಕಳೆದುಹೋದ ಕೂಲಿ ನಮ್ಮದೇ

ಐದಕ್ಕೆ ಮೂರೂವರೆ ಸ್ಟಾರ್.

ಅಣ್ಣಂದಿರ ಮೇಲೆ ಪಾಲು ವಿಭಾಗದ ದಾವೆ ಹಾಕಬೇಕಿತ್ತು. ಖಾಸಗಿ ವಕೀಲರ ಫೀಸು ಕೇಳಿದರೆ ಹೊಲಿಗೆ ಮಿಷನ್ ಮಾರಿದರೂ ಸಾಲದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಅಲ್ಲಿ ಕೇಳಿ ನೋಡಕ್ಕಾ ಅಂದವನು ಹೊರಗೆ ಕೂತು ಟೈಪ್ ಮಾಡುವ ಹುಡುಗ.

ಅರ್ಜಿ ಕೊಡುವಾಗಲೇ ಕಿರಿಕಿರಿ. "ಆದಾಯ ಪ್ರಮಾಣಪತ್ರ ಎಲ್ಲಿ?" ಅಂದರು ಕೌಂಟರಿನವರು. ಅಲ್ಲೇ ಇದ್ದ ಪ್ಯಾರಾ ಲೀಗಲ್ ಸ್ವಯಂಸೇವಕಿ ಅವರ ಬೆನ್ನ ಹಿಂದಿನ ಬೋರ್ಡನ್ನೇ ತೋರಿಸಿದಳು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 12ನೇ ಕಲಂ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ಮಿತಿಯೇ ಇಲ್ಲ. ಉಳಿದವರಿಗೆ ಉಂಟು. ಆಧಾರ್ ಪ್ರತಿ, ಪಹಣಿ, ವಂಶವೃಕ್ಷ ಸಾಕಾಯಿತು.

ಸಾಲಿನಲ್ಲಿದ್ದ ಒಬ್ಬರು ಗೊಣಗಿದರು, "ಕಾನೂನಿನ ಮುಂದೆ ಎಲ್ಲರೂ ಸಮಾನ ಅಂತಾರೆ, ನಮಗೊಂದು ರೂಲು, ಇವರಿಗೊಂದು ರೂಲು." ನನಗೆ ನಗು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿದೆ, ಸರಿ. ಆದರೆ ಆ ಪಾಲು ಕೇಳುವುದಕ್ಕೆ ಬೇಕಾದ ದುಡ್ಡು ಬರುವುದು ಅದೇ ಜಮೀನಿನಿಂದ, ಫಸಲು ಮಾರುವವರು ಅಣ್ಣಂದಿರು. ಇಬ್ಬರಿಗೂ ಒಂದೇ ರೂಲು ಇಟ್ಟರೆ ಗೆಲ್ಲೋದು ಯಾರು ಅಂತ ನಮ್ಮೂರ ಎಮ್ಮೆಗೂ ಗೊತ್ತು.

ಕೋರ್ಟ್ ಫೀ, ನೋಟಿಸಿನ ಖರ್ಚು, ನಕಲು ಪ್ರತಿ, ಯಾವುದಕ್ಕೂ ನಾನು ಕೈಯಿಂದ ಹಾಕಲಿಲ್ಲ. ವಕೀಲರು ಚಿಕ್ಕ ವಯಸ್ಸಿನವರು, ದಾವೆಯನ್ನು ಕನ್ನಡದಲ್ಲೇ ಬರೆದು ಓದಿ ಹೇಳಿದರು. ಫೋನ್ ಮಾತ್ರ ಎತ್ತೋದಿಲ್ಲ. ತೀರಾ ಸರಿಬರದಿದ್ದರೆ ಬೇರೆ ವಕೀಲರನ್ನು ಕೊಡಿ ಅಂತ ಸಮಿತಿಗೇ ಬರೆದುಕೊಡಬಹುದು. ನಾನು ಕೊಟ್ಟಿಲ್ಲ, ಕೆಲಸ ಗೊತ್ತಿರುವ ಹುಡುಗಿ ಆಕೆ.

ಒಂದೂವರೆ ಸ್ಟಾರ್ ಕಡಿದದ್ದು ಬೇರೆ ಕಾರಣಕ್ಕೆ. ಬೆಳಿಗ್ಗೆಯಿಂದ ಕಾದು, ಸಂಜೆ "ಮುಂದಿನ ತಾರೀಕು" ಅನ್ನಿಸಿಕೊಂಡು ಬರುವ ದಿನ ಹೊಲಿಗೆ ಬಂದ್. ಶಕ್ತಿ ಯೋಜನೆಯಿಂದ ಬಸ್ಸೇನೋ ಫ್ರೀ, ಹೋದ ಕೂಲಿ ಕಟ್ಟಿಕೊಡುವವರಿಲ್ಲ. ಅಣ್ಣಂದಿರಿಗೆ ಆ ತಾಪತ್ರಯವಿಲ್ಲ, ತಾರೀಕು ಮುಂದೆ ಹೋದಷ್ಟೂ ಅವರಿಗೆ ಇನ್ನೊಂದು ಬೆಳೆ.

ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಅಂತಲೂ ಹೇಳಿದ್ದಾರೆ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ, ಹಾಗಾಗಿ ಸರ್ವೆ ನಂಬರ್ ನೋಡದೆ ಸಹಿ ಹಾಕಬೇಡಿ.

ಹೋಗುವವರು ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ. ವಕೀಲರ ಕಡೆಯವರು ಯಾರಾದರೂ ಚಹಾ ಖರ್ಚು ಅಂತ ಕೈ ಚಾಚಿದರೆ ಕೊಡಬೇಡಿ, ಅವರ ಸಂಭಾವನೆ ಸಮಿತಿಯಿಂದಲೇ ಬರುತ್ತದೆ.