ಹುರಾಕಾನ್, ಎಲೀಸ್, ಸೆವೆನ್: ನಮ್ಮ ದುರ್ಗ-ದಾವಣಗೆರೆ ರಸ್ತೆಗೆ ಯಾವುದು ಸರಿ?

ಭಾನುವಾರ ಬೆಳಿಗ್ಗೆ ಹೆದ್ದಾರಿ 48ರ ಮೇಲೆ ಬೆಂಗಳೂರಿನ ಸೂಪರ್‌ಕಾರ್‌ಗಳು ಚಿತ್ರದುರ್ಗದ ಕಡೆ ಬರುವುದನ್ನು ನೀವೂ ನೋಡಿರಬಹುದು. ಅದನ್ನು ನೋಡಿದ ನಮ್ಮ ಕಡೆ ಹುಡುಗರು ನನ್ನನ್ನು ಕೇಳುವುದು ಒಂದೇ ಮಾತು: "ಅಣ್ಣಾ, ಓಡ್ಸೋಕೆ ನಿಜವಾಗ್ಲೂ ಅಷ್ಟು ಮಜಾ ಇರುತ್ತಾ?"

ಇರುತ್ತೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಮಜಾ ಸಿಕ್ಕಿದ್ದು ಅದರ ಐದನೇ ಒಂದು ಭಾಗ ಶಕ್ತಿ ಇರುವ ಕಾರಿನಲ್ಲಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ, ಕೆಲಸದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ ಕೆಲವು ವರ್ಷ ಇದ್ದೆ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರ ಬಳಿ ಮೊದಲ ತಲೆಮಾರಿನ ಲೋಟಸ್ ಎಲೀಸ್ ಅನ್ನುವ ಬ್ರಿಟನ್ನಿನ ಪುಟ್ಟ ಸ್ಪೋರ್ಟ್ಸ್ ಕಾರು ಇತ್ತು. ಧಾರಾಳ ಮನಸ್ಸಿನವರು, ಬೇಕೆಂದಾಗ ಕೀ ಕೊಡುತ್ತಿದ್ದರು. ಕೇಟರ್‌ಹ್ಯಾಮ್ ಸೆವೆನ್ 170 ಅನ್ನುವ, ಅದಕ್ಕಿಂತಲೂ ಹಗುರವಾದ ಕಾರನ್ನು ಬಾಡಿಗೆಗೆ ತಗೊಂಡು ಓಡಿಸಿದ್ದು. ಲ್ಯಾಂಬೊರ್ಗಿನಿ ಹುರಾಕಾನ್ ನನ್ನ ಕಾಲೇಜು ಗೆಳೆಯನದು. ಅವನು ಈಗ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದಾನೆ. ಅದನ್ನು ಹಿರಿಯೂರಿನಿಂದ ದಾವಣಗೆರೆವರೆಗೆ ನಾನೇ ಓಡಿಸಿದೆ. ಅದಕ್ಕೂ ಮುಂಚೆ ಅದೇ ಮಾದರಿಯನ್ನು ಇಂಗ್ಲೆಂಡಿನಲ್ಲಿ, ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ದುಡ್ಡು ಕಟ್ಟಿ ಓಡಿಸಿದ್ದೆ. ಹಾಗಾಗಿ ಅದರ ಪೂರ್ತಿ ಶಕ್ತಿಯೂ ಗೊತ್ತು, ನಮ್ಮ ರಸ್ತೆಯಲ್ಲಿ ಅದರಲ್ಲಿ ಎಷ್ಟು ಕೈಗೆ ಸಿಗುತ್ತದೆ ಅನ್ನುವುದೂ ಗೊತ್ತು.

ಮೊದಲು ಹುರಾಕಾನ್. 2014ರಲ್ಲಿ ಬಂದ ಎಲ್‌ಪಿ 610-4 ಇದು. 5.2 ಲೀಟರಿನ, ಹತ್ತು ಸಿಲಿಂಡರಿನ ವಿ10 ಎಂಜಿನ್, ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, 610 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಎಳೆತ. ಎಣ್ಣೆ, ನೀರು ಬಿಟ್ಟು ತೂಕ 1422 ಕೆಜಿ. ಸೊನ್ನೆಯಿಂದ ನೂರಕ್ಕೆ 3.2 ಸೆಕೆಂಡ್, ಗರಿಷ್ಠ ವೇಗ 325ಕ್ಕೂ ಮೇಲೆ. ಸ್ಟಾರ್ಟ್ ಬಟನ್ ಮೇಲೆ ಒಂದು ಕೆಂಪು ಮುಚ್ಚಳ ಇದೆ. ಅದನ್ನು ಎತ್ತಿ ಒತ್ತಬೇಕು. ಇಂಡಿಕೇಟರ್ ಕೂಡ ಸ್ಟೀರಿಂಗ್ ಮೇಲಿನ ಬಟನ್ನೇ. ಸ್ಟೀರಿಂಗ್ ಕೆಳಗೆ ಇರುವ ಸ್ವಿಚ್ ಒತ್ತಿದರೆ ಸ್ಟ್ರಾಡಾ (ರಸ್ತೆಗೆ), ಸ್ಪೋರ್ಟ್, ಕೋರ್ಸಾ (ರೇಸಿಗೆ) ಅಂತ ಮೂರು ಮೋಡ್.

ರನ್‌ವೇ ಮೇಲೆ ಕೋರ್ಸಾ ಹಾಕಿ ಪೂರ್ತಿ ತುಳಿದಾಗ ಏನಾಯಿತು ಅಂದರೆ, ನನ್ನ ಕಣ್ಣು ನೋಡುತ್ತಿದ್ದ ಜಾಗ ಮತ್ತು ಕಾರು ಇದ್ದ ಜಾಗ ಎರಡೂ ಬೇರೆ ಬೇರೆ ಆದವು. ನೋಟ ಹಿಂದೆ ಬಿತ್ತು. ಎಂಜಿನ್ ನಿಮಿಷಕ್ಕೆ 8,000 ಸುತ್ತು ದಾಟುವಾಗ ಬರುವ ಆ ಕೂಗು ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತೆ. ಟರ್ಬೊ ಇಲ್ಲದ ವಿ10 ಹೀಗೆ ಕೂಗುವ ಕಾಲ ಮುಗಿಯಿತು. ಹುರಾಕಾನ್ ಜಾಗಕ್ಕೆ ಬಂದ ಟೆಮೆರಾರಿಯೊದಲ್ಲಿ ಇರುವುದು ಎರಡು ಟರ್ಬೊಗಳ ವಿ8, ಜೊತೆಗೆ ಹೈಬ್ರಿಡ್. ಈ ಎಂಜಿನ್ ಒಂದಕ್ಕಾಗಿಯೇ ಯಾರಾದರೂ ಹುರಾಕಾನ್ ಕೊಂಡರೆ ನಾನು ಅವರನ್ನು ತಪ್ಪು ಅನ್ನುವುದಿಲ್ಲ.

ಆದರೆ ಹಿರಿಯೂರು ದಾಟಿದ ಮೇಲೆ ಏನಾಗುತ್ತದೆ ನೋಡಿ. ಮೊದಲ ಗೇರಿನಲ್ಲಿ ತುಳಿದೆ, ಎರಡಕ್ಕೆ ಬಂದೆ, ಅಷ್ಟರಲ್ಲೇ ನೂರು. ಹೆದ್ದಾರಿಯ ಮಿತಿ ನೂರು. 2024ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್. ಇನ್ನೂ ಐದು ಗೇರ್ ಬಾಕಿ ಇವೆ. ಅಲ್ಲಿಂದ ಮುಂದೆ ದುರ್ಗದವರೆಗೂ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಂಡು, ಎಸಿ ಹಾಕಿಕೊಂಡು, ಸುಮ್ನೆ ಕೂತಿದ್ದೆ. ಆರಾಮಾಗಿ ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಮಾಡಲು ಕೆಲಸ ಇರಲಿಲ್ಲ.

ಭರಮಸಾಗರದ ಹತ್ತಿರ ಸರ್ವೀಸ್ ರಸ್ತೆಗೆ ಇಳಿದಾಗ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಸುಗ್ಗಿ ಕಾಲದಲ್ಲಿ ಇದು ಇದ್ದದ್ದೇ. ಪಕ್ಕದಲ್ಲಿ ಉಳಿದ ಜಾಗದಲ್ಲಿ ಇಷ್ಟು ಅಗಲದ ಕಾರು, ಎದುರಿಗೆ ರಾಂಗ್ ಸೈಡಿನಲ್ಲಿ ಬೈಕು. ಹಿಂದೆ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಹಂಪ್ ಬಂದಾಗಲೆಲ್ಲ ಗೆಳೆಯ ಪಕ್ಕದಿಂದ, "ಲೇ, ಎತ್ತು, ಮೂತಿ ಎತ್ತು" ಅಂತ ಕೂಗುತ್ತಿದ್ದ. ಮುಂಭಾಗವನ್ನು ಸ್ವಲ್ಪ ಮೇಲೆತ್ತುವ ಬಟನ್ ಇದೆ, ಅದು ಇಲ್ಲದಿದ್ದರೆ ದಾವಣಗೆರೆ ಒಳಗೆ ಬರುವುದೇ ಕಷ್ಟ. ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ಹಿಂದಿನ ಫ್ಯಾನ್‌ಗಳು ಜೋರಾಗಿ ತಿರುಗಲು ಶುರು ಮಾಡಿದವು. ಬೆಣ್ಣೆ ದೋಸೆ ಹೋಟೆಲ್ ಮುಂದೆ ನಿಲ್ಲಿಸಿದ ಮೇಲೆ ಕಾರಿನ ಸುತ್ತ ಜನ ಸೇರಿದ್ದು, ಮಕ್ಕಳನ್ನು ಪಕ್ಕ ನಿಲ್ಲಿಸಿ ಫೋಟೊ ತೆಗೆದದ್ದು, ಅದೆಲ್ಲ ನನಗೂ ಖುಷಿ ಕೊಟ್ಟಿತು. ಈ ಕಾರು ಒಂದು ಊರಿಗೆ ಬಂದರೆ ಊರಿಗೆಲ್ಲ ಸಂಭ್ರಮ. ಎಲೀಸ್ ಬಂದರೆ ಇಷ್ಟು ಜನ ಸೇರುವುದಿಲ್ಲ.

ಇನ್ನು ಎಲೀಸ್. ಇದರ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಯಾಕಂದರೆ ಬರೆಯಲು ಇಲ್ಲಿ ಜಾಸ್ತಿ ಇದೆ.

ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ ಅವರ ನಂಬಿಕೆ ಸರಳ. ಶಕ್ತಿ ಹೆಚ್ಚಿಸಿದರೆ ಕಾರು ನೇರ ರಸ್ತೆಯಲ್ಲಿ ಮಾತ್ರ ವೇಗ ಪಡೆಯುತ್ತದೆ, ತೂಕ ಇಳಿಸಿದರೆ ಎಲ್ಲ ಕಡೆ ವೇಗ ಪಡೆಯುತ್ತದೆ. ಅವರು 1982ರಲ್ಲಿ ತೀರಿಕೊಂಡರು. ಅದಾದ ಎಷ್ಟೋ ವರ್ಷದ ಮೇಲೆ, 1996ರಲ್ಲಿ, ಎಲೀಸ್ ಮಾರುಕಟ್ಟೆಗೆ ಬಂತು. ಆದರೂ ಅವರ ಯೋಚನೆ ಅದರ ಒಂದೊಂದು ಭಾಗದಲ್ಲೂ ಇದೆ. ಇದರ ಚಾಸಿಯನ್ನು, ಅಂದರೆ ಕಾರಿನ ಚೌಕಟ್ಟನ್ನು, ವೆಲ್ಡ್ ಮಾಡಿಲ್ಲ. ಅಲ್ಯೂಮಿನಿಯಂ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಜೋಡಿಸಿದ್ದಾರೆ. ಬರೀ ಚಾಸಿಯ ತೂಕ ಸುಮಾರು 68 ಕೆಜಿ. ಇಡೀ ಕಾರು 725 ಕೆಜಿ ಆಸುಪಾಸು. ನಮ್ಮ ಮಾರುತಿ 800 ಸುಮಾರು 650 ಕೆಜಿ ಇತ್ತು, ಎಂಜಿನ್ 37 ಹಾರ್ಸ್‌ಪವರ್. ಹೆಚ್ಚುಕಮ್ಮಿ ಅದೇ ತೂಕದ ಕಾರಿಗೆ, ಹಿಂದಿನ ಚಕ್ರಗಳ ಮುಂದೆ, 118 ಹಾರ್ಸ್‌ಪವರ್‌ನ 1.8 ಲೀಟರ್ ರೋವರ್ ಎಂಜಿನ್ ಕೂರಿಸಿದರೆ ಹೇಗಿರುತ್ತೆ ಅಂತ ಯೋಚಿಸಿ. ಅದೇ ಎಲೀಸ್.

ಪವರ್ ಸ್ಟೀರಿಂಗ್ ಇಲ್ಲ. ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಸರ್ವೋ ಸಹಾಯವೂ ಇಲ್ಲ. ಮುಂದಿನ ಟೈರ್ ಅಗಲ 185 ಮಿಮೀ, ಇಲ್ಲಿ ಸ್ವಿಫ್ಟ್‌ಗೆ ಹಾಕುವಷ್ಟೇ. ಬಾಗಿಲ ಕೆಳಗಿನ ಅಂಚು ಅಗಲ ಮತ್ತು ಎತ್ತರ. ಮೊದಲು ಒಂದು ಕಾಲು ಒಳಗಿಟ್ಟು, ಕೈ ಅಂಚಿನ ಮೇಲೆ ಊರಿ, ಜಾರಿಕೊಂಡು ಕೂರಬೇಕು. ಸೀರೆ ಉಟ್ಟವರಿಗೆ ಆಗದ ಮಾತು. ಒಳಗೆ ಬರಿ ಅಲ್ಯೂಮಿನಿಯಂ ನೆಲ. ಚಕ್ರಕ್ಕೆ ಸಿಕ್ಕಿದ ಒಂದೊಂದು ಚಿಕ್ಕ ಕಲ್ಲೂ ಟಣ್ ಅಂತ ಕೇಳುತ್ತೆ.

ಶೆಫೀಲ್ಡ್‌ನಿಂದ ಗ್ಲಾಸಪ್ ಊರಿಗೆ ಹೋಗುವ ಸ್ನೇಕ್ ಪಾಸ್ ಅಂತ ಗುಡ್ಡದ ರಸ್ತೆ ಇದೆ. ಮಳೆ ನಿಂತ ಮೇಲೆ ಅಲ್ಲಿ ಎಲೀಸ್ ಓಡಿಸುತ್ತಿದ್ದೆ. ಮರಗಳ ಕೆಳಗೆ ಒಂದು ಬಲ ತಿರುವು. ರಸ್ತೆ ಒಣಗಿದ ಹಾಗೇ ಕಾಣುತ್ತಿತ್ತು. ತಿರುವಿಗೆ ಇಳಿಯುವಾಗ ಸ್ಟೀರಿಂಗ್ ಕೈಯಲ್ಲಿ ಒಂದು ಕ್ಷಣ ಹಗುರ ಆಯಿತು, ಬೆರಳ ತುದಿಗೆ ಗೊತ್ತಾಗುವಷ್ಟು ಮಾತ್ರ. ಮುಂದಿನ ಟೈರ್ ಒದ್ದೆ ಎಲೆ ಮೇಲೆ ಹೋಗಿತ್ತು. ಕಾಲನ್ನು ಚೂರೇ ಸಡಿಲ ಮಾಡಿದೆ, ಮೂತಿ ಒಳಕ್ಕೆ ಬಂತು, ಸ್ಟೀರಿಂಗ್ ಮತ್ತೆ ಭಾರ ಆಯಿತು. ಇಷ್ಟೂ ನಡೆದದ್ದು ಗಂಟೆಗೆ ಅರವತ್ತೋ ಎಪ್ಪತ್ತೋ ಕಿಲೋಮೀಟರ್ ವೇಗದಲ್ಲಿ. ಇದೇ ತಿರುವಿನಲ್ಲಿ ಹುರಾಕಾನ್ ಇದ್ದಿದ್ದರೆ ನಾಲ್ಕು ಚಕ್ರದ ಎಳೆತ, ಅಗಲವಾದ ಟೈರ್, ಕಂಪ್ಯೂಟರ್ ಎಲ್ಲ ಸೇರಿ ಅದನ್ನು ನನಗೆ ಗೊತ್ತೇ ಆಗದ ಹಾಗೆ ನಿಭಾಯಿಸಿಬಿಡುತ್ತಿದ್ದವು. ಸುರಕ್ಷತೆ ದೃಷ್ಟಿಯಿಂದ ಒಳ್ಳೆಯದೇ. ಆದರೆ ಓಡಿಸುವ ಆಸೆ ಇದ್ದವನಿಗೆ ಬೇಕಾದದ್ದು ಆ ಒಂದು ಕ್ಷಣ ಅಲ್ವಾ?

ತೂಕ ಕಡಿಮೆ ಇದ್ದರೆ ಇದೆಲ್ಲ ಹೇಗೆ ಸಾಧ್ಯ ಅನ್ನುವುದಕ್ಕೆ ನಮ್ಮ ಎಪಿಎಂಸಿ ಯಾರ್ಡ್‌ಗೆ ಹೋಗಿ ನೋಡಿ. ಬೆನ್ನ ಮೇಲೆ ಮೂಟೆ ಇರುವ ಹಮಾಲಿ ಮೂಲೆಯಲ್ಲಿ ದೊಡ್ಡದಾಗಿ ಸುತ್ತಿಕೊಂಡು ತಿರುಗುತ್ತಾನೆ. ಮೂಟೆ ಇಳಿಸಿ ವಾಪಸ್ ಬರುವಾಗ ನಿಂತ ಹಿಮ್ಮಡಿಯಲ್ಲೇ ತಿರುಗುತ್ತಾನೆ. ಕಾರಿಗೂ ಅಷ್ಟೇ. ಒಂದೇ ವೇಗದಲ್ಲಿ ಹೋಗುವಾಗ ಹುರಾಕಾನ್ ಬ್ರೇಕುಗಳು ತಡೆಯಬೇಕಾದ ಶಕ್ತಿ ಎಲೀಸ್‌ನದಕ್ಕಿಂತ ಸುಮಾರು ಎರಡು ಪಟ್ಟು. ಅದಕ್ಕೇ ಅಲ್ಲಿ ದೊಡ್ಡ ಕಾರ್ಬನ್ ಸೆರಾಮಿಕ್ ಡಿಸ್ಕ್ ಬೇಕು, ದಪ್ಪ ಟೈರ್ ಬೇಕು, ಅವುಗಳನ್ನು ಹೊರಲು ಗಟ್ಟಿ ಸಸ್ಪೆನ್ಷನ್ ಬೇಕು. ಹೀಗೆ ಭಾರಕ್ಕೆ ಭಾರ ಸೇರುತ್ತಾ ಹೋಗುತ್ತದೆ. ಎಲೀಸ್‌ಗೆ ಮೆತ್ತಗಿನ ಸ್ಪ್ರಿಂಗ್ ಸಾಕು. ಹಾಗಾಗಿ ಕೆಟ್ಟ ರಸ್ತೆ ಮೇಲೂ ಅದು ಮೈಗೆ ಹೊಡೆಯುವುದಿಲ್ಲ. ಸ್ಪೋರ್ಟ್ಸ್ ಕಾರು ಅಂದರೆ ಬೆನ್ನು ಮುರಿಯುತ್ತೆ ಅಂದುಕೊಂಡವರು ಇದನ್ನು ಒಮ್ಮೆ ಓಡಿಸಬೇಕು.

ದೋಷಗಳೂ ಇವೆ. ತಿರುವಿನ ಮಧ್ಯೆ ದಿಢೀರ್ ಅಂತ ಕಾಲು ತೆಗೆದರೆ ಹಿಂಭಾಗ ಜಾರುತ್ತದೆ, ಒದ್ದೆಯಲ್ಲಿ ಇನ್ನೂ ಜಾಸ್ತಿ. ಆ ರೋವರ್ ಎಂಜಿನ್‌ಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲ್) ಹೋಗುವ ಚಿಂತೆ ಇದ್ದದ್ದೇ, ಮುಂದೆ 2004ರಿಂದ ಟೊಯೋಟಾ ಎಂಜಿನ್ ಬಂದ ಮೇಲೆ ಆ ಭಯ ಹೋಯಿತು. ನಾನು ಓಡಿಸಿದ್ದರಲ್ಲಿ ಎಸಿ ಇರಲಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿಗೆ ಎಸಿ ಇಲ್ಲದ ಈ ಕಾರು ನಡೆಯುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಸೆವೆನ್ ಇನ್ನೊಂದು ಹೆಜ್ಜೆ ಮುಂದೆ. 1957ರಲ್ಲಿ ಚಾಪ್ಮನ್ ಮಾಡಿದ ಲೋಟಸ್ ಸೆವೆನ್ ಕಾರಿನ ಹಕ್ಕನ್ನು 1973ರಲ್ಲಿ ಕೇಟರ್‌ಹ್ಯಾಮ್ ತೆಗೆದುಕೊಂಡು ಇವತ್ತಿಗೂ ಮಾಡುತ್ತಿದೆ. 2021ರಲ್ಲಿ ಬಂದ 170 ಅವರ ಅತಿ ಹಗುರ ಮಾದರಿ, 440 ಕೆಜಿ. ಎಂಜಿನ್ ಯಾರದ್ದು ಗೊತ್ತಾ? ಸುಜುಕಿ. ಮೂರು ಸಿಲಿಂಡರ್, 660 ಸಿಸಿ, ಟರ್ಬೊ, 84 ಹಾರ್ಸ್‌ಪವರ್. ಮಾರುತಿ 800 ಎಂಜಿನ್ ಇದಕ್ಕಿಂತ ದೊಡ್ಡದು, 796 ಸಿಸಿ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚಿಗೆ ಕಟ್ಟುವ, ಜಿಪ್ಸಿಯಲ್ಲಿದ್ದ ತರಹದ ಲೈವ್ ಆಕ್ಸಲ್. ಟೈರ್ ಅಗಲ ಬರೀ 155 ಮಿಮೀ. ಬಾಗಿಲಿನ ಜಾಗದಲ್ಲಿ ಬಟ್ಟೆಯ ಪರದೆ, ಅದನ್ನೂ ತೆಗೆದಿಟ್ಟರೆ ಮೊಣಕೈ ಹೊರಗೆ. ಕೈ ಇಳಿಬಿಟ್ಟರೆ ರಸ್ತೆ ಮುಟ್ಟುತ್ತೆ. ಮುಂದಿನ ಚಕ್ರಗಳು ಮೇಲೆ ಕೆಳಗೆ ಆಡುವುದು ಕಣ್ಣಿಗೇ ಕಾಣುತ್ತದೆ.

ಪೆಡಲ್‌ಗಳು ಎಷ್ಟು ಒತ್ತೊತ್ತಾಗಿ ಇವೆ ಅಂದರೆ ಸಾಮಾನ್ಯ ಶೂ ಹಾಕಿಕೊಂಡರೆ ಬ್ರೇಕಿನ ಜೊತೆ ಆಕ್ಸಿಲರೇಟರ್ ಕೂಡ ತುಳಿಯುತ್ತೇವೆ. ತೆಳು ಅಡಿಯ ಶೂ ಬೇಕು. 80ರಲ್ಲಿ ಹೋದರೆ 150 ಅನ್ನಿಸುತ್ತದೆ. ಇಂಗ್ಲೆಂಡಿನ ಹಳ್ಳಿ ರಸ್ತೆಗಳ ಮಿತಿ 60 ಮೈಲಿ, ಅಂದರೆ ಸುಮಾರು 96 ಕಿಮೀ. ಆ ಮಿತಿ ಒಳಗೇ ಎಲ್ಲ ಗೇರ್ ಹಾಕಿ, ಎಂಜಿನ್ ಪೂರ್ತಿ ಎಳೆಸಿ, ಮನಸ್ಸು ತುಂಬ ಓಡಿಸಿದೆ. ಆದರೆ ದೂರದ ದಾರಿಗೆ ಇದು ಆಗುವುದಿಲ್ಲ. ಮಳೆ ಬಂದರೆ ಮೈ ಒದ್ದೆ, ಲಾರಿ ಪಕ್ಕ ಹೋದರೆ ಅದರ ಚಕ್ರ ನಮ್ಮ ಕಿವಿ ಮಟ್ಟಕ್ಕೆ. ನಮ್ಮ ಹೆದ್ದಾರಿಯ ಲಾರಿಗಳ ನಡುವೆ ಇದನ್ನು ಓಡಿಸು ಅಂದರೆ ನಾನು ಒಲ್ಲೆ ಅನ್ನುತ್ತೇನೆ.

ಹಾಗಾದರೆ ನಮ್ಮ ಕಡೆಗೆ ಯಾವುದು? ಬೆಂಗಳೂರಿನಿಂದ ಹುಬ್ಬಳ್ಳಿವರೆಗೆ ಒಂದೇ ಸಮ ಹೆದ್ದಾರಿ ಹಿಡಿದು ಹೋಗುವವರಿಗೆ ಹುರಾಕಾನ್ ಗೆಲ್ಲುತ್ತದೆ. ಎಸಿ ಇದೆ, ಹೆದ್ದಾರಿ ವೇಗದಲ್ಲಿ ಬಂಡೆಯಂತೆ ನಿಲ್ಲುತ್ತದೆ. ಪೆಟ್ರೋಲ್ ಲೀಟರಿಗೆ ಐದು ಕಿಮೀ ಆಸುಪಾಸು ಸಿಕ್ಕಿತು, ಆದರೆ ಅಂಥ ಕಾರು ಕೊಳ್ಳುವವರು ಅದನ್ನು ನೋಡುವುದಿಲ್ಲ.

ಆದರೆ ನಮ್ಮ ಕಡೆ ನಿಜವಾಗಿ ಓಡಿಸುವ ರಸ್ತೆಗಳು ಬೇರೆ. ಸಂತೇಬೆನ್ನೂರು ದಾಟಿ ಸೂಳೆಕೆರೆ ಏರಿ ಮೇಲೆ ಹೋಗುವ ದಾರಿ ಇದೆ. ದುರ್ಗದಿಂದ ಹೊಳಲ್ಕೆರೆ ಕಡೆ ಗುಡ್ಡಗಳ ನಡುವಿನ ದಾರಿ ಇದೆ. ಅಲ್ಲಿ 60-70ಕ್ಕಿಂತ ಮೇಲೆ ಹೋಗುವ ಅಗತ್ಯ ಇಲ್ಲ, ಹೋಗಲೂ ಬಾರದು. ಹಳ್ಳಿ ಬರುತ್ತೆ, ಕುರಿ ಬರುತ್ತೆ. ಆ ವೇಗದಲ್ಲಿ ಹುರಾಕಾನ್ ಇನ್ನೂ ನಿದ್ದೆಯಿಂದ ಎದ್ದಿರುವುದಿಲ್ಲ. ಎಲೀಸ್ ಎರಡು, ಮೂರನೇ ಗೇರಿನಲ್ಲಿ ಪೂರ್ತಿ ಎಚ್ಚರ ಇರುತ್ತದೆ. ನನ್ನ ಆಯ್ಕೆ ಎಲೀಸ್, ಅದೂ ಟೊಯೋಟಾ ಎಂಜಿನ್ ಇರುವ, ಎಸಿ ಇರುವ ಎಲೀಸ್.

ಕೊಳ್ಳುವ ಮಾತು ಬಂದರೆ ಚಿತ್ರ ಅಷ್ಟು ಚೆನ್ನಾಗಿಲ್ಲ. ಎಲೀಸ್ ತಯಾರಿಕೆ 2021ರಲ್ಲೇ ನಿಂತಿತು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯವಾಗಿ ನಮ್ಮ ದೇಶಕ್ಕೆ ತರಲು ಬಿಡುವುದಿಲ್ಲ. ಈಗ ಲೋಟಸ್ ಭಾರತದಲ್ಲಿ ಮಾರುವ ಎಮಿರಾ ಒಳ್ಳೆಯ ಕಾರೇ, ಆದರೆ ತೂಕ 1400 ಕೆಜಿ ದಾಟಿದೆ, ಮೊದಲ ಎಲೀಸ್‌ನ ಹತ್ತಿರ ಹತ್ತಿರ ಎರಡರಷ್ಟು. 2025ರ ಜುಲೈನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ನೂರಕ್ಕೆ ನೂರಕ್ಕೂ ಮೇಲಿದ್ದ ಕಾರಿನ ಸುಂಕವನ್ನು, ನಿಗದಿ ಮಾಡಿದ ಸಂಖ್ಯೆಯ ಕಾರುಗಳಿಗೆ, ಹಂತಹಂತವಾಗಿ ನೂರಕ್ಕೆ ಹತ್ತಕ್ಕೆ ಇಳಿಸುವ ಮಾತು ಅದರಲ್ಲಿದೆ. ಬ್ರಿಟಿಷ್ ಕಾರುಗಳ ಸ್ಟೀರಿಂಗ್ ಹೇಗೂ ನಮ್ಮ ಹಾಗೆ ಬಲಕ್ಕೇ ಇರುತ್ತದೆ. ಹಗುರ ಕಾರುಗಳನ್ನೂ ಯಾರಾದರೂ ತರಲಿ ಅನ್ನುವುದು ನನ್ನ ಆಸೆ.

ಅಲ್ಲಿವರೆಗೆ, ಮಗನನ್ನೋ ಮಗಳನ್ನೋ ನೋಡಲು ಇಂಗ್ಲೆಂಡಿಗೆ ಹೋಗುವವರು ನಮ್ಮೂರಲ್ಲಿ ಈಗ ಎಷ್ಟೋ ಜನ ಇದ್ದಾರೆ. ನಮ್ಮ ಲೈಸೆನ್ಸ್‌ನಲ್ಲೇ ಪ್ರವಾಸಿಗರು ಅಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಸೆವೆನ್ ಕಾರು ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಬುಕ್ ಮಾಡುವ ಮುಂಚೆ ವಯಸ್ಸಿನ ಮಿತಿ, ಇನ್ಶೂರೆನ್ಸ್‌ನಲ್ಲಿ ನಿಮ್ಮ ಕೈಯಿಂದ ಹೋಗುವ ಮೊತ್ತ, ಎರಡನ್ನೂ ಬಾಡಿಗೆಯವರ ಬಳಿ ಬರಹದಲ್ಲಿ ತಗೊಳ್ಳಿ. ಜೂನ್‌ನಿಂದ ಆಗಸ್ಟ್ ಒಳಗೆ ಹೋಗಿ, ಟೋಪಿಯ ಬದಲು ಬಿಗಿಯಾದ ಉಲ್ಲನ್ ಕ್ಯಾಪ್ ಹಾಕಿ, ತೆಳು ಅಡಿಯ ಶೂ ಇಲ್ಲಿಂದಲೇ ಕೊಂಡೊಯ್ಯಿರಿ.