ಮರದ ಹಲಗೆಯೋ ಸ್ಟೀಲ್ ಹರಿವಾಣವೋ: ಬಂದವರಿಗೆ ತಿಂಡಿ ಜೋಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಟೀಲ್ ಹರಿವಾಣಕ್ಕೆ. 1,650 ರೂಪಾಯಿ ಕೊಟ್ಟು ತರಿಸಿದ ಮಾವಿನ ಮರದ ಹಲಗೆ ಈಗ ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಈ ಎರಡರ ಜೊತೆಗೆ ಅಡಿಕೆ ಹಾಳೆ ತಟ್ಟೆ, ತಿರುಗುವ ಪ್ಲಾಸ್ಟಿಕ್ ಡಬ್ಬಿ ಎರಡನ್ನೂ ಬಳಸಿ ನೋಡಿದ್ದೇನೆ. ಹಲಗೆ ಕೊಳ್ಳೋಣ ಅಂತ ನೀವು ಯೋಚಿಸುತ್ತಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ನಮ್ಮದು ತುಮಕೂರು. ಬೆಂಗಳೂರಿಂದ 70 ಕಿಲೋಮೀಟರ್. ಶಿವಮೊಗ್ಗಕ್ಕೆ ಹೋಗಲಿ, ಅರಸೀಕೆರೆಗೆ ಹೋಗಲಿ, ಚಿತ್ರದುರ್ಗ ದಾವಣಗೆರೆ ಕಡೆ ಹೋಗಲಿ, ಬೆಂಗಳೂರಿನ ನೆಂಟರಿಗೆಲ್ಲ ನಮ್ಮ ಮನೆ ದಾರಿಯಲ್ಲೇ ಸಿಗುತ್ತದೆ. "ಅಕ್ಕಾ, ದಾಬಸ್‌ಪೇಟೆ ದಾಟಿದ್ವಿ, ಊಟಗೀಟ ಏನೂ ಬೇಡ, ಸುಮ್ನೆ ಹತ್ತು ನಿಮಿಷ ಬಂದು ಹೋಗ್ತೀವಿ" ಅಂತ ಫೋನ್ ಬರುತ್ತದೆ. ಅಲ್ಲಿಂದ ನನ್ನ ಕೈಲಿರುವುದು ಅರ್ಧ ಗಂಟೆ. ಉಪ್ಪಿಟ್ಟಿಗೆ ಇಟ್ಟರೆ "ಯಾಕಕ್ಕ ಇಷ್ಟೆಲ್ಲ" ಅಂತ ಅವರು ಸಂಕೋಚ ಪಡುತ್ತಾರೆ. ಬರೀ ಕಾಫಿ ಕೊಟ್ಟು ಕಳಿಸಿದರೆ ನನಗೇ ಸಮಾಧಾನ ಆಗುವುದಿಲ್ಲ. ಒಲೆ ಹಚ್ಚದೆ, ಡಬ್ಬಿಯಲ್ಲಿ ಇರುವುದನ್ನೂ ಒಂದೆರಡು ಹಣ್ಣನ್ನೂ ಚೆಂದವಾಗಿ ಜೋಡಿಸಿ ನಡುವೆ ಇಟ್ಟರೆ ಎಲ್ಲರೂ ಮಾತಾಡುತ್ತಾ ತಿನ್ನಬಹುದು ಅನ್ನುವ ಆಸೆ ಹುಟ್ಟಿದ್ದು ಹೀಗೆ.

ಮಗಳು ಫೋನಿನಲ್ಲಿ ಗ್ರೇಜಿಂಗ್ ಬೋರ್ಡ್ ಅಂತ ತೋರಿಸಿದಳು. ಅಗಲವಾದ ಮರದ ಹಲಗೆ, ಅದರ ತುಂಬ ತಿಂಡಿ, ಒಂದಿಂಚು ಜಾಗವೂ ಖಾಲಿ ಇಲ್ಲ. ನೋಡಿದ ಕೂಡಲೇ ಇಷ್ಟವಾಯಿತು. ಅದೇ ವಾರ ಆರ್ಡರ್ ಮಾಡಿದೆ.

ಮೊದಲ ಸಲ ಜೋಡಿಸಿದ್ದು ಒಂದು ಭಾನುವಾರ. ಯಜಮಾನರ ಆಫೀಸಿನವರು ಮಕ್ಕಳೂ ಸೇರಿ ಒಂಬತ್ತು ಜನ. ನಿಪ್ಪಟ್ಟು, ಕೋಡುಬಳೆ, ಖಾರ ಕಡಲೆಕಾಯಿ, ಕೊಬ್ಬರಿ ಮಿಠಾಯಿ, ಸೀಬೆಹಣ್ಣು, ಸೌತೆಕಾಯಿ ಬಿಲ್ಲೆ, ನಡುವೆ ಬಾಳೆಲೆ ತುಂಡಿನ ಮೇಲೆ ಹೆಸರುಬೇಳೆ ಕೋಸಂಬರಿ, ಪಕ್ಕದಲ್ಲಿ ಪುದೀನ ಚಟ್ನಿ. ನಲವತ್ತು ನಿಮಿಷ ಹಿಡಿಯಿತು. ಫೋಟೊ ತುಂಬ ಚೆನ್ನಾಗಿ ಬಂತು.

ಇಪ್ಪತ್ತು ನಿಮಿಷಕ್ಕೆ ಕೋಸಂಬರಿ ನೀರು ಬಿಟ್ಟಿತು. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಟ್ಟೇ ಬಿಡುತ್ತದೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಟ್ಟಲಲ್ಲಿ ಇದ್ದಾಗ ಆ ನೀರು ತಳದಲ್ಲಿ ನಿಲ್ಲುತ್ತದೆ. ಹಲಗೆಗೆ ಅಂಚೇ ಇಲ್ಲ. ನೀರು ಎಲೆಯಿಂದ ಇಳಿದು, ನಿಪ್ಪಟ್ಟಿನ ಅಡಿ ಹರಿದು, ಕೋಡುಬಳೆ ಸುತ್ತಿ, ಹಲಗೆಯ ತುದಿಯಿಂದ ಟೀಪಾಯಿ ಮೇಲಿನ ಬಟ್ಟೆಗೆ ತೊಟ್ಟಿಕ್ಕಿತು. ಕೆಳಗಿನ ಸಾಲಿನ ನಿಪ್ಪಟ್ಟು ಎತ್ತಿದವರ ಕೈಯಲ್ಲಿ ಬಾಗಿತು. ನಿಪ್ಪಟ್ಟಿನ ಜೀವ ಇರುವುದೇ ಗರಿಗರಿಯಲ್ಲಿ. ಎಣ್ಣೆಯಲ್ಲಿ ಕರಿದಾಗ ಹಿಟ್ಟಿನ ನೀರೆಲ್ಲ ಹೋಗಿರುತ್ತದೆ, ಒಂಚೂರು ಪಸೆ ತಗುಲಿದರೂ ಅದನ್ನು ಮತ್ತೆ ಹೀರಿಕೊಂಡು ಮೆತ್ತಗಾಗುತ್ತದೆ. ಬಂದವರು ಏನೂ ಅನ್ನಲಿಲ್ಲ. ಅತ್ತೆ ಮಾತ್ರ ಒಳಗೆ ಬಂದು ಮೆಲ್ಲಗೆ, "ಅದಕ್ಕೆ ಅಂಚೇ ಇಲ್ವಲ್ಲಮ್ಮ" ಅಂದರು.

ಆಮೇಲೆ ಕೂತು ಯೋಚಿಸಿದೆ. ಆ ವಿಡಿಯೋಗಳಲ್ಲಿ ಹಲಗೆ ಮೇಲೆ ಇರುವುದೇನು? ಚೀಸ್, ಬಿಸ್ಕತ್ತು, ಬಾದಾಮಿ, ಇಡೀ ದ್ರಾಕ್ಷಿ ಗೊಂಚಲು. ಶಾರ್ಕ್ಯುಟ್ರಿ ಬೋರ್ಡ್ ಅಂತಲೂ ಕರೆಯುತ್ತಾರೆ. ಅದು ಫ್ರೆಂಚ್ ಮಾತು, ಉಪ್ಪು ಹಾಕಿ ಕೆಡದಂತೆ ಇಟ್ಟ ಮಾಂಸದ ತಿನಿಸುಗಳಿಗೆ ಹೇಳುವುದು. ಜಾಸ್ತಿ ಪಾಲು ನೀರಿಲ್ಲದ ಪದಾರ್ಥ. ಅವರ ಊಟಕ್ಕೆ ಆ ಹಲಗೆ ಸರಿ. ನಮ್ಮದು ಹಾಗಲ್ಲ. ಗರಿಗರಿ ಕುರುಕಲು ಪಕ್ಕದಲ್ಲೇ ಹಸಿ ಕೋಸಂಬರಿ, ಚಟ್ನಿ ಇರಬೇಕು, ಅದೇ ನಮ್ಮ ರುಚಿ. ಎರಡರ ನಡುವೆ ಗೋಡೆ ಬೇಕೇ ಬೇಕು.

ಇಷ್ಟಕ್ಕೇ ಮುಗಿದಿದ್ದರೆ ಒಣ ತಿಂಡಿಗೆ ಅಂತ ಹಲಗೆ ಇಟ್ಟುಕೊಳ್ಳುತ್ತಿದ್ದೆ. ನನಗೆ ಸಾಕಾಗಿದ್ದು ತೊಳೆಯುವ ಕೆಲಸ. ಕೋಡುಬಳೆ ಇಟ್ಟ ಕಡೆಯೆಲ್ಲ ಎಣ್ಣೆಯ ಉಂಗುರ. ಖಾರ ಕಡಲೆಕಾಯಿ ಇಟ್ಟಲ್ಲಿ ಅರಿಶಿನ, ಮೆಣಸಿನಪುಡಿಯ ಕಲೆ. ಚಿಕ್ಕಬಳ್ಳಾಪುರದಿಂದ ನಾದಿನಿ ತಂದ ನೀಲಿ ದ್ರಾಕ್ಷಿ ಒಂದೆರಡು ಒಡೆದಲ್ಲಿ ನೇರಳೆ ಮಚ್ಚೆ. ಸ್ಟೀಲಾದರೆ ಸಬೀನಾ ಹಾಕಿ ಒಂದು ಸಲ ಉಜ್ಜಿದರೆ ಆಯಿತು. ಮರಕ್ಕೆ ಹಾಗಾಗುವುದಿಲ್ಲ. ನೆನೆಸಬಾರದು, ಜೋರಾಗಿ ಉಜ್ಜಬಾರದು. ನಿಂಬೆಹೋಳಿಗೆ ಕಲ್ಲುಪ್ಪು ಹಚ್ಚಿ ತಿಕ್ಕಿದೆ, ಈರುಳ್ಳಿ ವಾಸನೆ ಹೋಯಿತು, ಕಲೆ ಹೋಗಲಿಲ್ಲ.

ಎರಡನೇ ಸಲ ಇನ್ನೂ ದೊಡ್ಡ ತಪ್ಪಾಯಿತು. ರಾತ್ರಿ ತಡವಾಗಿತ್ತು ಅಂತ ಒರೆಸದೆ, ಒದ್ದೆ ಹಲಗೆಯನ್ನು ಗ್ರಾನೈಟ್ ಕಟ್ಟೆ ಮೇಲೆ ಮಲಗಿಸಿ ಮಲಗಿದೆ. ಮೇಲಿನ ಮುಖ ಒಣಗಿತು, ಕೆಳಗಿನ ಮುಖ ಹಸಿಯಾಗೇ ಇತ್ತು. ಮರ ನೀರು ಕುಡಿದ ಕಡೆ ಹಿಗ್ಗುತ್ತದೆ, ಒಣಗಿದ ಕಡೆ ಕುಗ್ಗುತ್ತದೆ. ಬೆಳಗ್ಗೆ ನೋಡಿದರೆ ಎರಡು ತುದಿ ಮೇಲೆದ್ದಿತ್ತು. ಸರಿಹೋಗಲಿ ಅಂತ ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಇಟ್ಟೆ. ಸಾಯಂಕಾಲಕ್ಕೆ ಕೂದಲೆಳೆಯಷ್ಟು ಬಿರುಕು. ಮಾರಿದವರಿಗೆ ಫೋಟೊ ಕಳಿಸಿದೆ, ಬಳಸಿದ ವಸ್ತು ವಾಪಸ್ ತಗೊಳ್ಳುವುದಿಲ್ಲ ಅಂದರು. ಎಣ್ಣೆ ಹಚ್ಚಿದರೆ ಮರ ಚೆನ್ನಾಗಿರುತ್ತದೆ ಅಂತ ಎಲ್ಲೋ ಓದಿದ್ದೆ. ಮನೆಯಲ್ಲಿದ್ದ ಕಡಲೆಕಾಯಿ ಎಣ್ಣೆಯನ್ನೇ ಹಚ್ಚಿದೆ. ಅದೂ ತಪ್ಪು. ಮೂರು ವಾರಕ್ಕೆ ಕಮಟು ವಾಸನೆ, ಮುಟ್ಟಿದರೆ ಅಂಟಂಟು. ಅಡುಗೆ ಎಣ್ಣೆ ಗಾಳಿಗೆ ಕೆಡುತ್ತದೆ, ಹಲಗೆಗೆ ಹಚ್ಚಬೇಕಾದ್ದು ಕೆಡದ ಫುಡ್ ಗ್ರೇಡ್ ಮಿನರಲ್ ಆಯಿಲ್. ಅದನ್ನು ಬೇರೆ ತರಿಸಬೇಕು, ಆಗಾಗ ಹಚ್ಚುತ್ತಿರಬೇಕು. ಹಲಗೆ ತಗೊಂಡರೆ ಒಂದು ಮಾತು ನೆನಪಿಡಿ: ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಎರಡೂ ಮುಖಕ್ಕೆ ಗಾಳಿ ಆಡಬೇಕು. ನನಗೆ ಇದು ಹಲಗೆ ಹಾಳಾದ ಮೇಲೆ ಗೊತ್ತಾಯಿತು.

ಇನ್ನೊಂದು ವಿಷಯ ಎಂಜಲು. ನಡುವೆ ಒಂದೇ ಚಟ್ನಿ ಬಟ್ಟಲು, ಎಲ್ಲರೂ ಅದರಲ್ಲೇ ಅದ್ದಿ ತಿನ್ನಿ ಅಂದರೆ ನಮ್ಮಲ್ಲಿ ಆಗುತ್ತದಾ? ಮಗು ಅರ್ಧ ಕಚ್ಚಿದ ಕೋಡುಬಳೆಯನ್ನು ಮತ್ತೆ ಅದ್ದಿತು. ಅದನ್ನು ನೋಡಿದ ಹಿರಿಯರೊಬ್ಬರು ಆಮೇಲೆ ಏನನ್ನೂ ಮುಟ್ಟಲಿಲ್ಲ. ಜೊತೆಗೆ ನಮ್ಮವರು ತಾವಾಗೇ ಬಗ್ಗಿ ಎತ್ತಿಕೊಳ್ಳುವವರೂ ಅಲ್ಲ. ಟೀಪಾಯಿ ಮೇಲೆ ಎಷ್ಟೇ ಚೆಂದವಾಗಿ ಇಟ್ಟರೂ "ಇರ್ಲಿ ಬಿಡಿ, ಆಮೇಲೆ" ಅಂತ ಕೂತೇ ಇರುತ್ತಾರೆ. ತಟ್ಟೆ ಹಿಡಿದು ಹತ್ತಿರ ಹೋಗಿ "ತಗೊಳ್ಳಿ ಭಾವ, ಇನ್ನೊಂದು ತಗೊಳ್ಳಿ" ಅನ್ನಬೇಕು. ಎರಡೂವರೆ ಕೆಜಿ ತೂಗುವ, ಹಿಡಿಯೇ ಇಲ್ಲದ ಹಲಗೆಯನ್ನು ಎತ್ತಿಕೊಂಡು ಒಂಬತ್ತು ಜನರ ಮುಂದೆ ಹೋಗಲಾಗುವುದಿಲ್ಲ.

ಅತ್ತೆ ಅಟ್ಟದಿಂದ ಹರಿವಾಣ ಇಳಿಸಿಕೊಟ್ಟಿದ್ದು ಆವಾಗ. ಅರಿಶಿನ ಕುಂಕುಮಕ್ಕೆ, ತಾಂಬೂಲಕ್ಕೆ ಬಳಸುತ್ತಿದ್ದ 16 ಇಂಚಿನ ಸ್ಟೀಲ್ ಹರಿವಾಣ, ಸುತ್ತ ಒಂದಿಂಚು ಅಂಚು. ಅಂಚು ಹಿಡಿದು ಸಲೀಸಾಗಿ ಎತ್ತಬಹುದು. ನಾನು ಖರ್ಚು ಮಾಡಿದ್ದು ಆರು ಪುಟ್ಟ ಬಟ್ಟಲಿಗೆ 270 ರೂಪಾಯಿ ಅಷ್ಟೇ. ಹರಿವಾಣವನ್ನೂ ಹೊಸದಾಗಿ ಕೊಳ್ಳುವುದಾದರೆ ನಮ್ಮೂರ ಪಾತ್ರೆ ಅಂಗಡಿಯಲ್ಲಿ 700 ರೂಪಾಯಿ ಹೇಳಿದರು. ಎರಡೂ ಸೇರಿಸಿದರೂ ಹಲಗೆಗಿಂತ ತುಂಬಾ ಕಮ್ಮಿ.

ಅದರಲ್ಲೂ ಒಂದು ತೊಂದರೆ ಇದೆ. ಎತ್ತಿದಾಗ ಬಟ್ಟಲುಗಳು ಜಾರಿ ಟಣ್ ಟಣ್ ಅನ್ನುತ್ತವೆ. ತಳಕ್ಕೆ ತೆಳು ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಬಾಳೆಲೆ ಹರಡಿದೆ, ನಿಂತಿತು. ಎಲೆಯನ್ನು ಒಲೆಯ ಉರಿ ಮೇಲೆ ಒಮ್ಮೆ ಬಾಡಿಸಿಕೊಳ್ಳಿ, ಮಡಚಿದರೂ ಸೀಳುವುದಿಲ್ಲ. ಒಣಬಟ್ಟೆಯಲ್ಲಿ ಒರೆಸುವುದು ಮರೆಯಬೇಡಿ. ಹಸಿರು ಎಲೆ, ಹೊಳೆಯುವ ಅಂಚು, ಬಿಳಿ ಕೊಬ್ಬರಿ ಮಿಠಾಯಿ, ಹಲಗೆಗಿಂತ ಇದೇ ಚೆಂದ ಅಂತ ಮಗಳೂ ಒಪ್ಪಿದಳು.

ಈಗ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಫೋನ್ ಬಂದ ಕೂಡಲೇ ಹೆಸರುಬೇಳೆ ನೆನೆಹಾಕುತ್ತೇನೆ, ಎಂಟು ಜನಕ್ಕೆ 100 ಗ್ರಾಂ ಸಾಕು. ಮೊದಲು ಖಾಲಿ ಬಟ್ಟಲು ಇಟ್ಟು ಜಾಗ ಗೊತ್ತು ಮಾಡಿಕೊಳ್ಳುವುದು. ಹಣ್ಣು, ಚಟ್ನಿ, ಹಸಿ ಇರುವುದೆಲ್ಲ ಬಟ್ಟಲಿಗೆ. ಚಟ್ನಿಗೆ ಚಮಚ, ಅವರವರ ಪುಟ್ಟ ತಟ್ಟೆಗೆ ಹಾಕಿಕೊಳ್ಳಲಿ. ಕೋಸಂಬರಿಗೆ ಉಪ್ಪು, ನಿಂಬೆಹುಳಿ ಹಾಕುವುದು ಅವರು ಬಂದು ಕೂತ ಮೇಲೆ. ನಿಪ್ಪಟ್ಟು, ಕೋಡುಬಳೆ ಡಬ್ಬಿ ಮುಚ್ಚಳ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಸ್ವಲ್ಪ ಸ್ವಲ್ಪವೇ ಇಟ್ಟು ಖಾಲಿಯಾದ ಹಾಗೆ ತುಂಬುತ್ತೇನೆ. ಮಳೆಗಾಲದಲ್ಲಿ ಬರೀ ಗಾಳಿಗೇ ಮೆತ್ತಗಾಗುತ್ತದೆ ಅಲ್ವಾ. ಎಂಟು ಜನಕ್ಕೆ ಹದಿನಾರು ನಿಪ್ಪಟ್ಟು, ಅಷ್ಟೇ ಕೋಡುಬಳೆ, ಕಾಲು ಕೆಜಿ ಖಾರ ಕಡಲೆಕಾಯಿ, ಅರ್ಧ ಕೆಜಿ ಹಣ್ಣು, ಹತ್ತು ತುಂಡು ಮಿಠಾಯಿ. ಇದಕ್ಕಿಂತ ಜಾಸ್ತಿ ಇಟ್ಟಾಗಲೆಲ್ಲ ಉಳಿದಿದೆ. ಅವರೆಕಾಯಿ ಕಾಲದಲ್ಲಿ ಕಡಲೆಕಾಯಿ ಬದಲು ಹಿತಕಿದ ಅವರೆಬೇಳೆ ಕರಿದು ಖಾರ ಹಾಕಿದ್ದು ಇಡುತ್ತೇನೆ, ಆಗ ಬೇರೆ ಯಾವುದನ್ನೂ ಯಾರೂ ಕೇಳುವುದಿಲ್ಲ.

ಅಡಿಕೆ ಹಾಳೆ ತಟ್ಟೆಗೆ ನನ್ನ ಎರಡನೇ ಸ್ಥಾನ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ತೋಟ ಬೇಕಾದಷ್ಟಿದೆ, ಬಿದ್ದ ಹಾಳೆಯನ್ನು ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಜನ ಜಾಸ್ತಿ ಇದ್ದರೆ, ಅಂದರೆ ಹದಿನೈದು ದಾಟಿದರೆ, ನಾನು ಇದನ್ನೇ ತರುವುದು. ಒಬ್ಬೊಬ್ಬರಿಗೆ ಒಂದೊಂದು, ಎಂಜಲಿನ ಮಾತೇ ಇಲ್ಲ, ತೊಳೆಯುವುದೂ ಇಲ್ಲ. ಒಂದು ತಟ್ಟೆ 7 ರೂಪಾಯಿ ಬಿತ್ತು. ಉಳಿದಿದ್ದನ್ನು ಮಳೆಗಾಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ನನ್ನ ಒಂದು ಕಟ್ಟು ಹಾಗೇ ಹೋಯಿತು.

ತಿರುಗುವ ಪ್ಲಾಸ್ಟಿಕ್ ಡಬ್ಬಿ ದೀಪಾವಳಿಗೆ ಯಾರೋ ಕೊಟ್ಟಿದ್ದು. ಮುಚ್ಚಳ ಇರುವುದರಿಂದ ಗರಿಗರಿ ಉಳಿಯುತ್ತದೆ, ಮೂಲೆಗಳಲ್ಲಿ ಎಣ್ಣೆ ಕೂರುತ್ತದೆ, ಮಕ್ಕಳು ತಿನ್ನುವುದಕ್ಕಿಂತ ತಿರುಗಿಸುವುದೇ ಜಾಸ್ತಿ.

ಹಾಗಂತ ಹಲಗೆ ಯಾರಿಗೂ ಬೇಡ ಅಂತ ಹೇಳುವುದಿಲ್ಲ. ಒಮ್ಮೆ ಅದರ ಮೇಲೆ ತಿಪಟೂರಿನ ಉಂಡೆ ಕೊಬ್ಬರಿ ತೆಳ್ಳಗೆ ಹೆಚ್ಚಿ, ಬೆಲ್ಲದ ಚೂರು, ಪಾವಗಡದ ಹುರಿದ ಶೇಂಗಾ, ಹುರಿಗಡಲೆ, ಚಿಕ್ಕಿ ಇಟ್ಟಿದ್ದೆ. ಉಂಡೆ ಕೊಬ್ಬರಿ ಅಂದರೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಚಿಪ್ಪಿನೊಳಗೇ ಒಣಗಿಸಿದ್ದು, ನೀರಿನ ಪಸೆಯೇ ಇರುವುದಿಲ್ಲ. ಅವತ್ತು ಹಲಗೆ ನಿಜಕ್ಕೂ ಚೆನ್ನಾಗಿ ಕಂಡಿತು, ಒಂದು ಒಣಬಟ್ಟೆಯಲ್ಲಿ ಒರೆಸಿದರೆ ಕೆಲಸ ಮುಗಿಯಿತು. ನಿಮ್ಮ ಮನೆಗೆ ಬರುವವರು ನಾಲ್ಕೇ ಜನ, ಒಣ ತಿಂಡಿ ಸಾಕು, ಹಲಗೆ ನೋಡಿಕೊಳ್ಳುವ ತಾಳ್ಮೆಯೂ ಇದೆ ಅಂದರೆ ಖಂಡಿತ ತಗೊಳ್ಳಿ. ಅಂಚು ಇರುವುದನ್ನು, ಎರಡು ಕಡೆ ಹಿಡಿ ಇರುವುದನ್ನು ನೋಡಿ ತಗೊಳ್ಳಿ.

ನಮ್ಮ ಮನೆಗೆ ತಿಂಗಳಿಗೆ ಮೂರು ನಾಲ್ಕು ಸಲ ಜನ ಬರುತ್ತಾರೆ. ಅವರು ಹೋದ ಮೇಲೆ ಎಲ್ಲ ಪಾತ್ರೆ ಒಟ್ಟಿಗೆ ತೊಟ್ಟಿಗೆ ಹಾಕಿ ತೊಳೆಯುವವಳು ನಾನು. ಕೋಸಂಬರಿ ಇಲ್ಲದೆ ತಿಂಡಿ ಇಡುವುದು ನನಗೆ ಒಗ್ಗುವುದಿಲ್ಲ. ಹಾಗಾಗಿ ಹರಿವಾಣ. ಮೂರು ನಾಲ್ಕು ಜನ ಬಂದಾಗ 16 ಇಂಚು ದೊಡ್ಡದಾಯಿತು, ತಿಂಡಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ದಸರಾಗೆ ಮೊದಲು 12 ಇಂಚಿನದು ಇನ್ನೊಂದು ತರಬೇಕು, ಅದಕ್ಕೂ ಅಂಚು ಒಂದಿಂಚಾದರೂ ಇರುವುದನ್ನೇ ಹುಡುಕುತ್ತಿದ್ದೇನೆ.